ಮೊದಲು ಉಪ್ಪು ಬಡಿಸಲಿ

ಪತ್ರ: ಮಗನಿಗೆ ಇಪ್ಪತ್ತೆರಡು. ಬಿ.ಕಾಂ. ಒಳ್ಳೆಯ ಅಂಕಗಳಲ್ಲಿ ಮುಗಿಸಿದ್ದಾನೆ. ನೆಂಟರು ಬಂದರೆ ಕೋಣೆಯಿಂದ ಹೊರಬರುವುದಿಲ್ಲ, ಸಂದರ್ಶನದಲ್ಲಿ ಬಾಯಿ ಬಿಡುವುದಿಲ್ಲ. ‘ನನ್ನಿಂದ ಏನೂ ಆಗದು’ ಎನ್ನುತ್ತಾನೆ. ಮಂಗಳೂರಿನ ಒಂದು ವ್ಯಕ್ತಿತ್ವ ವಿಕಸನ ಶಿಬಿರದ ಶುಲ್ಕ ವಿಚಾರಿಸಿದ್ದೇನೆ. ಸೇರಿಸಲೇ?
– ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ಸೇರಿಸಿ, ಬೇಡವೆನ್ನಲಾರೆ. ಎದುರಿನವರ ಮುಖ ನೋಡಿ ಮಾತನಾಡುವುದೂ ಕಲಿಯತಕ್ಕದ್ದೇ. ಹುಡುಗ ಊಟ, ನಿದ್ದೆ ಬಿಟ್ಟು ಮಂಕಾಗಿದ್ದರೆ ಮಾತ್ರ ಶಿಬಿರವನ್ನೂ ನನ್ನ ಉಪದೇಶವನ್ನೂ ಬದಿಗಿಟ್ಟು ವೈದ್ಯರಿಗೆ ತೋರಿಸಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ.

ಆದರೆ ಕನ್ನಡಿಯ ಮುಂದೆ ನಿಲ್ಲಿಸಿ ‘ನಾನು ಗೆಲ್ಲುತ್ತೇನೆ’ ಎಂದು ಹೇಳಿಸುವ ಪಾಠದಲ್ಲಿ ನನಗೆ ನಂಬಿಕೆಯಿಲ್ಲ. ‘ನನ್ನಿಂದ ಆದೀತು’ ಎಂಬ ಧೈರ್ಯ ಗಟ್ಟಿಯಾಗಿ ಬರುವುದು ತಾನೇ ಮಾಡಿ ಮುಗಿಸಿದ ಕೆಲಸದಿಂದ, ಹೊಗಳಿ ಹುರಿದುಂಬಿಸುವುದರ ಬಲ ಅದಕ್ಕಿಂತ ಕಡಿಮೆ ಎಂದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಬರೆದಿದ್ದರು.

ಬಂಡೂರರನ್ನು ಓದದೆಯೇ ನಮ್ಮ ಯಕ್ಷಗಾನದವರಿಗೆ ಇದು ಗೊತ್ತಿತ್ತು. ಮೇಳಕ್ಕೆ ಸೇರಿದ ಹುಡುಗನಿಗೆ ಬಂದ ದಿನವೇ ಅರ್ಜುನನ ವೇಷ ಕೊಡುತ್ತಿರಲಿಲ್ಲ. ಕಥೆ ಶುರುವಾಗುವ ಮುಂಚಿನ ಕುಣಿತದ ಭಾಗವೇ ಪೂರ್ವರಂಗ; ಅದರಲ್ಲಿ ಮೊದಲು ಕೋಡಂಗಿ ವೇಷ, ಆಮೇಲೆ ಬಾಲಗೋಪಾಲನದು. ಅಷ್ಟು ಹೊತ್ತಿಗೆ ಅರ್ಧ ಪ್ರೇಕ್ಷಕರು ಇನ್ನೂ ಚರುಮುರಿ ಗಾಡಿಯ ಸುತ್ತ ಇರುತ್ತಿದ್ದರು. ಹೆಜ್ಜೆ ತಪ್ಪಿದರೆ ಗೊತ್ತಾಗುತ್ತಿದ್ದುದು ಹಾಡಿ ಕುಣಿಸುವ ಭಾಗವತರಿಗೆ ಮಾತ್ರ. ಬೆಳಕು, ತಾಳ, ಜನರ ಕಣ್ಣು ಎಲ್ಲಕ್ಕೂ ಒಗ್ಗಿದ ಮೇಲೆ ಮಾತಿರುವ ಸಣ್ಣ ವೇಷ. ಬರೆದಿಟ್ಟ ಸಂಭಾಷಣೆ ಇಲ್ಲ. ಎದುರು ವೇಷಧಾರಿ ಎತ್ತಿದ ಪ್ರಶ್ನೆಗೆ ನಿಂತಲ್ಲೇ ಉತ್ತರ ಹುಟ್ಟಬೇಕು. ಸಂದರ್ಶನಕ್ಕೆ ಇದಕ್ಕಿಂತ ಒಳ್ಳೆಯ ತಯಾರಿ ಯಾವ ಶಿಬಿರದಲ್ಲಿದೆ, ಹೇಳಿ!

ಜನ ನೋಡಿ ನಗುತ್ತಾರೆಂಬ ಭಯವೂ ಬಹುಪಾಲು ಟೊಳ್ಳು. 2000ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಮುಜುಗರದ ಚಿತ್ರವಿದ್ದ ಅಂಗಿ ತೊಟ್ಟ ವಿದ್ಯಾರ್ಥಿಗಳು, ಕೋಣೆಯಲ್ಲಿದ್ದ ಸುಮಾರು ಅರ್ಧ ಜನ ಅದನ್ನು ಗಮನಿಸಿದ್ದಾರೆಂದುಕೊಂಡರು. ನಿಜಕ್ಕೂ ಗಮನಿಸಿದವರು ಕಾಲುಭಾಗದಷ್ಟು!

ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನದ ಆಟ ಈಗ ಕೆಲವೇ ಗಂಟೆಗಳ ಕಾಲಮಿತಿಯದಾಯಿತು. ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಮದುವೆಮನೆಯದೂ ಅದೇ ಕಥೆ. ಹಿಂದೆ ಊರ ಹುಡುಗರು ಪಂಚೆ ಎತ್ತಿ ಕಟ್ಟಿ ಪಂಕ್ತಿಗೆ ಇಳಿಯುತ್ತಿದ್ದರು. ಎಲೆಯ ತುದಿಗೆ ಉಪ್ಪು ಹಾಕುವುದು ತೀರಾ ಹೊಸಬನ ಪಾಲು, ಕೈ ಪಳಗಿದವನಿಗೆ ಸಾರಿನ ಬಾಲ್ದಿ. ‘ಇನ್ನೊಂದು ಸೌಟು ಹಾಕಲೇ?’ ಎಂದು ಗುರುತಿಲ್ಲದವರನ್ನೆಲ್ಲ ಕೇಳುತ್ತ ಹೋಗುವಾಗ ಸಂಕೋಚ ಎಲ್ಲಿ ಉಳಿದೀತು? ಈಗ ಕೇಟರಿಂಗ್‌ನವರು ಸಮವಸ್ತ್ರದಲ್ಲಿ ಬಡಿಸುತ್ತಾರೆ, ನಮ್ಮ ಮಕ್ಕಳು ಮೂಲೆಯಲ್ಲಿ ಮೊಬೈಲ್ ನೋಡುತ್ತಾರೆ. ಪುಕ್ಕಟೆಯಾಗಿ ಸಿಗುತ್ತಿದ್ದ ಪಾಠವನ್ನು ಗುತ್ತಿಗೆಗೆ ಕೊಟ್ಟು, ಅದನ್ನೇ ಶುಲ್ಕ ತೆತ್ತು ಹುಡುಕುವ ಬುದ್ಧಿವಂತರು ನಾವು!

ಇನ್ನು ನಿಮ್ಮ ಮೇಲೊಂದು ಆಕ್ಷೇಪ, ಬೇಸರಿಸಬೇಡಿ. ಶುಲ್ಕ ವಿಚಾರಿಸಿದವರು ನೀವು, ಪತ್ರ ಬರೆದವರು ನೀವು. ನೆಂಟರು ‘ಏನು ಮಾಡುತ್ತಿದ್ದಾನೆ?’ ಎಂದರೆ ಉತ್ತರಿಸುವವರೂ ನೀವೇ ಇರಬೇಕು. ಈ ಸಲದ ಮನೆ ತೆರಿಗೆ ಕಟ್ಟಲು ಪಂಚಾಯತ್ ಕಚೇರಿಗೆ ಅವನೊಬ್ಬನನ್ನೇ ಕಳುಹಿಸಿ. ರಸೀದಿಯಲ್ಲಿ ತಪ್ಪಿದ್ದರೆ ಫೋನ್ ಮಾಡಿ ಸರಿಪಡಿಸಲು ಹೋಗಬೇಡಿ. ಮರುದಿನ ಮತ್ತೆ ಅವನೇ ಹೋಗಲಿ. ಶಿಬಿರದ ವಿಚಾರ ಆಮೇಲೂ ಉಳಿದಿದ್ದರೆ ಬರೆಯಿರಿ, ಅಥವಾ ಅವನಿಂದಲೇ ಬರೆಸಿ.