ಕಸ್ತೂರಿ ವಾಸನೆ ಬಡಿಯದವರ ಪರವಾಗಿ

ಓದುಗರೊಬ್ಬರ ಪತ್ರದ ಸಾರ: ‘ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಕೈಂಡ್ ಆಫ್ ಬ್ಲೂ ಆಲ್ಬಮ್ ಅಂದ್ರೆ ನನಗೆ ಪ್ರಾಣ. ಅದೇ ಧೈರ್ಯದಲ್ಲಿ ಅವರದೇ ಬಿಚಸ್ ಬ್ರೂ ತಗೊಂಡು ಐದು ಸಲ ಕೇಳಿದೆ, ಏನೂ ದಕ್ಕಲಿಲ್ಲ. ಜಾಝ್ ಬಲ್ಲ ಗೆಳೆಯರು “ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ” ಅಂತ ನಕ್ಕರು. ನನ್ನ ಕಿವಿಯೇ ಸರಿ ಇಲ್ವಾ?’

ನಮಸ್ಕಾರ ಮೇಡಂ,

ನಿಮ್ ಪತ್ರ ಓದಿ ಮೊದ್ಲು ನಗು ಬಂತು, ಆಮೇಲೆ ನಾಚಿಕೆ ಆಯ್ತು, ಯಾಕಂದ್ರೆ ನಾನೂ ಆ ಆಲ್ಬಮ್ ತಂದು ವರ್ಷಗಟ್ಲೆ ಶೆಲ್ಫಲ್ಲಿ ಇಟ್ಕೊಂಡಿದ್ದೆ, ಯಾರಾದ್ರೂ ಕೇಳಿದ್ರೆ ‘ಅಬ್ಬಾ, ಅದ್ಭುತ’ ಅಂತಿದ್ದೆ, ಒಂದ್ ಸಲನೂ ಪೂರ್ತಿ ಕೇಳಿರ್ಲಿಲ್ಲ. ನೀವು ಐದ್ ಸಲ ಕೇಳಿದೀರಿ. ಕತ್ತೆ ಯಾರು ಅನ್ನೋ ವಿಚಾರ ಇಲ್ಲಿಗೇ ಬಿಡೋಣ.

ನಿಮ್ಮನ್ನ ದಾರಿ ತಪ್ಪಿಸಿದ್ದು ಕವರ್ ಮೇಲಿನ ಹೆಸರು, ಅಷ್ಟೇ. ಮನುಷ್ಯ ಅವರೇ, ಕಸುಬು ಬೇರೆ. ಕೈಂಡ್ ಆಫ್ ಬ್ಲೂ 1959ರಲ್ಲಿ ಎರಡೇ ದಿನ ಸ್ಟುಡಿಯೋದಲ್ಲಿ ಕೂತು ಮಾಡಿದ್ದು, ಯಾವ ಪೀಸಲ್ಲೂ ಆರು ಜನಕ್ಕಿಂತ ಜಾಸ್ತಿ ಇಲ್ಲ, ಒಬ್ರು ನುಡಿಸ್ತಿದ್ರೆ ಉಳಿದವರು ಜಾಗ ಬಿಟ್ಟು ಕೂತಿರ್ತಾರೆ. ಹತ್ತು ವರ್ಷ ಆದ್ಮೇಲೆ, 1969ರ ಆಗಸ್ಟಲ್ಲಿ, ಬಿಚಸ್ ಬ್ರೂಗೆ ಅಂತ ನ್ಯೂಯಾರ್ಕಲ್ಲಿ ಮೂರು ದಿನ ಸೇರಿದಾಗ ರೂಮಲ್ಲಿ ಏನಿತ್ತು ನೋಡಿ: ಎರಡು, ಕೆಲವು ಪೀಸಿಗೆ ಮೂರು ಎಲೆಕ್ಟ್ರಿಕ್ ಪಿಯಾನೋ, ಎರಡು ಬೇಸ್ (ತೀರಾ ತಗ್ಗಿನ ದನಿಯ ತಂತಿವಾದ್ಯ), ಒಬ್ಬರ ಪಕ್ಕ ಇನ್ನೊಬ್ಬರು ಡ್ರಮ್ಮರ್, ಅದ್ರ ಮೇಲೆ ಪರ್ಕಶನ್ (ಬೇರೆ ತಾಳವಾದ್ಯಗಳು), ಜಾನ್ ಮೆಕ್‌ಲಾಫ್ಲಿನ್ ಗಿಟಾರು, ಬೆನ್ನಿ ಮಾಪಿನ್ ಊದೋ ಬೇಸ್ ಕ್ಲಾರಿನೆಟ್. ಇಷ್ಟು ಜನದ ಮಧ್ಯೆ ನೀವು ಹಳೇ ಟ್ರಂಪೆಟ್ಟನ್ನ ಹುಡುಕ್ತಾ ಕೂತ್ರೆ ಜಾತ್ರೇಲಿ ಕಳೆದುಹೋದ ಮಗು ಹುಡುಕಿದ ಹಾಗೆ ಆಗುತ್ತೆ, ಜಾತ್ರೆ ಮಾತ್ರ ಕಾಣಲ್ಲ.

ಇನ್ನೊಂದ್ ವಿಷ್ಯ. ‘ಕೇಳ್ತಾ ಕೇಳ್ತಾ ಮತ್ತೆ ಮೊದಲಿಗೇ ಬಂದ ಹಾಗೆ ಆಗುತ್ತೆ, ನಾನು ನಿದ್ದೆ ಹೋದ್ನಾ ಅನ್ಸುತ್ತೆ’ ಅಂತ ಬರ್ದಿದೀರಲ್ಲ, ನೀವು ನಿದ್ದೆ ಹೋಗಿಲ್ಲ. ಮೊದಲ ಪೀಸು ಫೇರೋಸ್ ಡಾನ್ಸ್ 20 ನಿಮಿಷದ್ದು, ಅದು ಒಂದೇ ಉಸಿರಲ್ಲಿ ನುಡಿಸಿದ್ದಲ್ಲ, ಪ್ರೊಡ್ಯೂಸರ್ ಟಿಯೋ ಮಾಸೆರೊ ಟೇಪನ್ನ ತುಂಡು ತುಂಡು ಕತ್ತರಿಸಿ ಅಂಟಿಸಿ ಕಟ್ಟಿದ್ದು, ಶುರುವಿನ ತುಣುಕುಗಳು ನಿಜವಾಗ್ಲೂ ವಾಪಸ್ ಬರ್ತವೆ. ಗೆಳೆಯರಿಗೆ ಕೇಳದ ಹೊಲಿಗೆ ನಿಮ್ ಕಿವಿಗೆ ಸಿಕ್ಕಿದೆ, ಆ ಕಿವಿನಾ ನೀವು ಬೈಕೊಳ್ತಿರೋದು?

ನನಗೆ ಇದು ಹತ್ತಿದ್ದು ಅಕಸ್ಮಾತ್ತಾಗಿ. ಸಂಚಿಕೆ ಪ್ರೆಸ್ಸಿಗೆ ಹೋಗೋ ಹಿಂದಿನ ರಾತ್ರಿ, ಪ್ರೂಫ್ ನೋಡ್ತಿದ್ದೆ, ಪಕ್ಕದ ರೂಮಲ್ಲಿ ಯಾರೋ ಆ ರೆಕಾರ್ಡ್ ಹಾಕಿದ್ರು, ಬಾಗ್ಲು ಮುಚ್ಚಿತ್ತು. ಬಾಗ್ಲು ಮುಚ್ಚಿದ್ರೆ ಟ್ರಂಪೆಟ್ಟು, ಗಿಟಾರು ಎಲ್ಲ ಮಂಕಾಗಿ ಬೇಸ್ ಮಾತ್ರ ದಾಟಿ ಬರುತ್ತಲ್ಲ, ಅದೊಂದೇ ಎಳೆ ಹತ್ತು ನಿಮಿಷ ತಿರುಗಿದ್ದೇ ತಿರುಗಿದ್ದು, ನನ್ ಕಾಲು ನನ್ನ ಕೇಳ್ದೇನೆ ಕುಣೀತಿತ್ತು. ಅವತ್ತು ಗೊತ್ತಾಯ್ತು, ಇಷ್ಟು ವರ್ಷ ನಾನು ಈ ಮನೆಗೆ ಮೇಲಿಂದ ಇಳಿಯೋಕೆ ನೋಡ್ತಿದ್ದೆ, ಬಾಗ್ಲು ಕೆಳಗಿದೆ ಅಂತ. (ಆ ಸಂಚಿಕೇಲಿ ಎರಡು ಅಚ್ಚಿನ ತಪ್ಪು ಉಳ್ಕೊಂಡ್ವು, ಕಾರಣ ಇದೇ.)

ಹಾಗಂತ ಪೂರ್ತಿ ಭಕ್ತ ಆಗಿಬಿಟ್ಟೆ ಅಂದ್ಕೋಬೇಡಿ. ಫೇರೋಸ್ ಡಾನ್ಸ್ ಇವತ್ತಿಗೂ ನನಗೆ ಭಾರ, ಟೈಟಲ್ ಪೀಸು 27 ನಿಮಿಷ ಬೇಕಿರ್ಲಿಲ್ಲ ಅನ್ನೋದು ನನ್ ಖಾಸಗಿ ತಕರಾರು. ದೊಡ್ಡವರ ಕೆಲಸ ಅಂದ್ ತಕ್ಷಣ ನಾವು ಪರೀಕ್ಷೆ ಹಾಲಲ್ಲಿ ಕೂತ ಹಾಗೆ ಬೆನ್ನು ನೆಟ್ಟಗೆ ಮಾಡ್ಕೊಂಡ್ ಕೂರ್ತೀವಿ, ಹಾಗ್ ಕೂತ್ರೆ ಯಾವ ಸಂಗೀತನೂ ಒಳಗೆ ಬರಲ್ಲ. 1970ರಲ್ಲಿ ಇದು ಹೊರಗೆ ಬಂದಾಗ್ಲೂ ಮೈಲ್ಸ್ ಅವರ ಹಳೇ ಅಭಿಮಾನಿಗಳಲ್ಲೇ ಎಷ್ಟೋ ಜನ ‘ರಾಕ್‌ನವರಿಗೆ ಮಾರ್ಕೊಂಡ್ಬಿಟ್ರು’ ಅಂತ ಸಿಟ್ಟಾಗಿದ್ರು. ಅವರೇನ್ ಜಾಝ್ ಗೊತ್ತಿಲ್ಲದವರಲ್ಲ.

ನೀವು ಆರನೇ ಸಲ ಪ್ರಯತ್ನ ಮಾಡೋದೇ ಆದ್ರೆ ಕೊನೇ ಸೈಡಿಂದ ಶುರು ಮಾಡಿ. ಅಲ್ಲಿ ಮೈಲ್ಸ್ ರನ್ಸ್ ದ ವೂಡೂ ಡೌನ್ ಅಂತಿದೆ. ಅದಕ್ಕೆ ಬೀಟು ಸರಿಯಾಗಿ ಕೂರ್ತಾ ಇರ್ಲಿಲ್ವಂತೆ, ಪರ್ಕಶನ್‌ಗೆ ಅಂತ ಬಂದಿದ್ದ ಡಾನ್ ಅಲಿಯಾಸ್ ‘ನಂಗೊಂದು ನ್ಯೂ ಆರ್ಲಿಯನ್ಸ್ ಮೆರವಣಿಗೆ ಬೀಟ್ ಗೊತ್ತು’ ಅಂತ ಡ್ರಮ್ಸಿಗೆ ಕೂತ್ರು. ಆ ನಡಿಗೆ ಹಿಡ್ಕೊಂಡ್ರೆ ಉಳಿದಿದ್ದೆಲ್ಲ ಅದ್ರ ಹಿಂದೇನೇ ಬರುತ್ತೆ. ಅದೂ ಆಗ್ಲಿಲ್ಲ ಅಂದ್ರೆ ಸದ್ಯಕ್ಕೆ ಬಿಟ್ಟು, ಇದಕ್ಕಿಂತ ಆರು ತಿಂಗಳು ಮುಂಚೆ ರೆಕಾರ್ಡ್ ಆದ ಇನ್ ಎ ಸೈಲೆಂಟ್ ವೇ ಕೇಳಿ, 40 ನಿಮಿಷನೂ ಇಲ್ಲ, ಅದೂ ಮಾಸೆರೊ ಕತ್ತರಿ ಕೆಲಸನೇ, ಆದ್ರೆ ತುಂಬ ಮೆತ್ತಗಿದೆ. ಅದೂ ಹಿಡಿಸ್ಲಿಲ್ವಾ, ನಿಮ್ ಕೈಂಡ್ ಆಫ್ ಬ್ಲೂ ಎಲ್ಲೂ ಓಡಿಹೋಗಿಲ್ಲ.

ಇನ್ನು ನಿಮ್ ಗೆಳೆಯರು. ಮುಂದಿನ್ ಸಲ ಸಿಕ್ಕಾಗ, ಆ ಆಲ್ಬಮ್ಮಲ್ಲಿ ಜಾನ್ ಮೆಕ್‌ಲಾಫ್ಲಿನ್ ಅಂತ ಹೆಸರಿರೋ ಪೀಸಿದೆಯಲ್ಲ, ಅದ್ರಲ್ಲಿ ಮೈಲ್ಸ್ ಟ್ರಂಪೆಟ್ ಹೆಂಗಿದೆ ಅಂತ ಮುಗ್ಧವಾಗಿ ಕೇಳಿ. ‘ಆಹಾ, ಅದೊಂದು ಬೇರೇನೇ ಲೆವೆಲ್ಲು’ ಅಂದ್ರೆ ನನಗೊಂದ್ ಪತ್ರ ಹಾಕಿ. ಅದ್ರಲ್ಲಿ ಮೈಲ್ಸ್ ನುಡಿಸೇ ಇಲ್ಲ.

- ಸಂ.