ಒಟಿಪಿ ಯಾರ ಮೊಬೈಲಿಗೆ ಬರುತ್ತದೆ?

ಈ ಪ್ರಕರಣದ ಮಹಿಳೆಯ ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರು ಒಪ್ಪಿದ್ದಾರೆ. ಇಲ್ಲಿ ಅವರು ಸಾವಿತ್ರಮ್ಮ.

2024ರ ಮಳೆಗಾಲದಲ್ಲಿ ಆಪ್ತಸಲಹೆಗೆ ಬಂದಾಗ ಅವರಿಗೆ 44 ವರ್ಷ. ಬೆಂಗಳೂರಿನ ಹೊರವಲಯದ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಟೈಲರ್. ಹೇಳಿಕೊಂಡ ತೊಂದರೆ ನಿದ್ದೆಯದು: ಮಲಗಿದರೂ ಕಣ್ಣು ಮುಚ್ಚುವುದಿಲ್ಲ, ಲೈನಿನಲ್ಲಿ ಕುಳಿತರೆ ಕೈ ನಡುಗುತ್ತದೆ, ಟಾರ್ಗೆಟ್ ತಪ್ಪಿ ಸೂಪರ್‌ವೈಸರ್‌ನಿಂದ ಬೈಗುಳ. ಮಾತು ಮುಂದುವರಿದಂತೆ ಇನ್ನೊಂದು ವಿಷಯ ಹೊರಬಂತು. ತಿಂಗಳ ಕೊನೆಗೆ ರಾಜೀನಾಮೆ ಕೊಡುವುದು, ಎರಡು ತಿಂಗಳು ಮನೆಯಲ್ಲಿದ್ದು ಪಿಎಫ್ (ಭವಿಷ್ಯನಿಧಿ) ಪೂರ್ತಿ ಬಿಡಿಸಿಕೊಳ್ಳುವುದು, ಆಮೇಲೆ ಬೇರೆ ಕಾರ್ಖಾನೆ ಸೇರುವುದು ಎಂದು ತೀರ್ಮಾನವಾಗಿತ್ತು.

“ಎಲ್ಲರೂ ಹಾಗೇ ಮಾಡುತ್ತಾರೆ ಮೇಡಂ. ಹೊಸದೇನಲ್ಲ” ಎಂದರು.

“ತೀರ್ಮಾನ ಮಾಡಿದವರು ಯಾರು?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮನೆಯವರು” ಎಂದರು.

ಮನೆಯವರಿಗೆ, ಅಂದರೆ ಗಂಡನಿಗೆ, ಲಗೇಜ್ ಆಟೋ ಇದೆ, ಅದರ ಸಾಲ ಇದೆ. ಸಾವಿತ್ರಮ್ಮನ ಹೆಸರಿನಲ್ಲಿ ಎರಡು ಸಂಘದ ಸಾಲ. ಎಲ್ಲ ಸೇರಿ ಒಂದು ಲಕ್ಷ ನಲವತ್ತು ಸಾವಿರದಷ್ಟು. ಕಂತು ತಪ್ಪಿದ ವಾರ ವಸೂಲಿಯವರು ಬಂದು ಬಾಗಿಲಲ್ಲಿ ಕುಳಿತುಕೊಳ್ಳುತ್ತಿದ್ದರು. ಮಗಳು ಪಿಯುಸಿ ಮುಗಿಸಿ ನರ್ಸಿಂಗ್ ಓದಬೇಕೆಂದು ಹಟ ಹಿಡಿದಿದ್ದಳು. ಜೊತೆಗೆ ಅವರು ಕೊನೆಗೆ, ತಲೆ ತಗ್ಗಿಸಿ ಹೇಳಿದ ಮಾತು: ವರ್ಷದಿಂದ ವಿಪರೀತ ರಕ್ತಸ್ರಾವ. ಕಾರ್ಮಿಕರ ವಿಮೆಯ ಇಎಸ್‌ಐ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಬೇಕೆಂದು ಹೇಳಿದ್ದಾರೆ. ರಜೆ ಹಾಕಿದರೆ ಸಂಬಳ ಹೋಗುತ್ತದೆ ಎಂದು ಮುಂದೂಡುತ್ತಲೇ ಬಂದಿದ್ದರು.

ಆಪ್ತಸಲಹೆಗಾರರು ಮನಸ್ಸಿನ ಮಾತು ಕೇಳಬೇಕು, ಹಣದ ಲೆಕ್ಕಕ್ಕೆ ಇಳಿಯಬಾರದು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಹೆಣ್ಣುಮಕ್ಕಳ ನಿದ್ದೆ ಹೋಗಿರುವುದೇ ಲೆಕ್ಕ ಗೊತ್ತಿಲ್ಲದ ಭಯದಿಂದ. ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳುಹಿಸಿದ್ದರೆ ಆ ತಿಂಗಳ ಕೊನೆಗೆ ಅವರು ರಾಜೀನಾಮೆ ಕೊಟ್ಟಿರುತ್ತಿದ್ದರು. ಅದಕ್ಕೇ, ಮುಂದಿನ ಬಾರಿ ಬರುವಾಗ ಪಿಎಫ್ ಪಾಸ್‌ಬುಕ್ಕಿನ ಪ್ರಿಂಟ್ ತರಲು ಹೇಳಿದೆ.

ಪಾಸ್‌ಬುಕ್ಕಿನಲ್ಲಿ ಮೂರು ಕಾಲಂಗಳಿರುತ್ತವೆ: ನೌಕರರ ಪಾಲು, ಮಾಲೀಕರ ಪಾಲು, ಪಿಂಚಣಿ. ಮೂರನೆಯದನ್ನು ಸಾವಿತ್ರಮ್ಮ ಎಂದೂ ಗಮನಿಸಿರಲಿಲ್ಲ. ಸಂಬಳದಿಂದ ಶೇ. 12 ಕಡಿತವಾಗುತ್ತದೆ, ಮಾಲೀಕರೂ ಶೇ. 12 ಕಟ್ಟುತ್ತಾರೆ. ಆದರೆ ಮಾಲೀಕರ ಪಾಲಿನಲ್ಲಿ ಶೇ. 8.33 ಹೋಗುವುದು 1995ರಲ್ಲಿ ಆರಂಭವಾದ ನೌಕರರ ಪಿಂಚಣಿ ಯೋಜನೆಗೆ. ಪಿಎಫ್‌ಗೆ ಉಳಿಯುವುದು ಶೇ. 3.67 ಮಾತ್ರ. ಹತ್ತು ವರ್ಷ ಸೇವೆಯಾದರೆ 58ನೇ ವಯಸ್ಸಿನಿಂದ ಪಿಂಚಣಿ. ಹತ್ತು ತುಂಬುವ ಮೊದಲೇ ಕೆಲಸ ಬಿಟ್ಟು ನಮೂನೆ 10ಸಿ ತುಂಬಿ ಆ ಹಣವನ್ನೂ ತೆಗೆದುಕೊಂಡರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ. ಅದೇ ನಮೂನೆಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಿದರೆ ಸೇವೆ ಉಳಿದುಕೊಂಡು ಮುಂದಿನ ಕೆಲಸಕ್ಕೆ ಸೇರುತ್ತದೆ. ಕಾರ್ಖಾನೆ ಗೇಟಿನ ಬಳಿ ಕಮಿಷನ್ ಪಡೆದು ಅರ್ಜಿ ತುಂಬುವ ಬ್ರೋಕರ್‌ಗಳು ಈ ಎರಡನೆಯ ದಾರಿಯನ್ನು ಹೇಳುವುದಿಲ್ಲ.

ಲೆಕ್ಕವನ್ನು ಅವರ ಕೈಯಲ್ಲೇ ಮಾಡಿಸಿದೆ. ಪಿಂಚಣಿಗೆ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಅವರ ಸಂಬಳ 12,600 ರೂಪಾಯಿ. ಅಂದರೆ ಒಂದು ವರ್ಷದ ಸೇವೆಗೆ ತಿಂಗಳಿಗೆ 180 ರೂಪಾಯಿ. ಈ ಕೆಲಸದಲ್ಲಿ ಎಂಟು ವರ್ಷವಾಗಿದೆ, 58 ತುಂಬಲು ಇನ್ನು ಹದಿನಾಲ್ಕು ವರ್ಷವಿದೆ. ಒಟ್ಟು 22. ಇಪ್ಪತ್ತು ದಾಟಿ 58ಕ್ಕೆ ನಿವೃತ್ತರಾದರೆ ಎರಡು ವರ್ಷ ಹೆಚ್ಚುವರಿಯಾಗಿ ಸೇರಿಸುತ್ತಾರೆ. ಇಂದಿನ ಸಂಬಳವನ್ನೇ ಹಿಡಿದರೂ 4,320 ರೂಪಾಯಿ. ಈಗ 10ಸಿಯಲ್ಲಿ ಹಣ ತೆಗೆದರೆ ಹದಿನಾಲ್ಕು ವರ್ಷದ್ದು ಮಾತ್ರ, 2,520. ಈಗ ಸಿಗುವ ಲಕ್ಷದ ಆಸುಪಾಸಿನ ಮೊತ್ತಕ್ಕೆ ಬದಲಾಗಿ ಜೀವಮಾನವಿಡೀ ತಿಂಗಳಿಗೆ 1,800 ರೂಪಾಯಿ ಕಳೆದುಕೊಳ್ಳಬೇಕು. ಎರಡು ತಿಂಗಳು ಮನೆಯಲ್ಲಿ ಕುಳಿತರೆ ಹೋಗುವ 25,000 ಸಂಬಳ ಬೇರೆ. ಕೆಲಸ ಬಿಡುವಾಗ ಮಾಲೀಕರು ಕೊಡುವ ಗ್ರಾಚ್ಯುಟಿ ಎಂಟು ವರ್ಷಕ್ಕೆ ಸುಮಾರು 58,000 ಬರುತ್ತದೆ, ನಿಜ. ಆದರೆ ಹೊಸ ಕಾರ್ಖಾನೆಯಲ್ಲಿ ಅದಕ್ಕಾಗಿ ಮತ್ತೆ ಐದು ವರ್ಷ ಕಾಯಬೇಕು.

ಪೆನ್ನು ಕೆಳಗಿಟ್ಟು ಸಾವಿತ್ರಮ್ಮ ತಾವೇ ಇನ್ನೊಂದು ಲೆಕ್ಕ ಕೇಳಿದರು. “ಹಾಗಾದರೆ ಹಿಂದಿನ ಎರಡು ಫ್ಯಾಕ್ಟರಿಯದು?” 2004ರಿಂದ ಆರು ವರ್ಷ ಒಂದು ಕಡೆ, ಆಮೇಲೆ ಐದು ವರ್ಷ ಇನ್ನೊಂದು ಕಡೆ. ಎರಡು ಸಲವೂ ಪೂರ್ತಿ ಬಿಡಿಸಿಕೊಂಡಿದ್ದರು. ಹನ್ನೊಂದು ವರ್ಷ, ತಿಂಗಳಿಗೆ 1,980. ಅದು ವಾಪಸ್ ಬರುವುದಿಲ್ಲ ಎಂದು ನೇರವಾಗಿ ಹೇಳಿದೆ. ಅವರು ಅತ್ತರು. ಆ ದಿನ ಮತ್ತೆ ಪಾಸ್‌ಬುಕ್ ತೆರೆಯಲಿಲ್ಲ.

ಅಳುವಿನ ನಡುವೆ 2016ರ ಮಾತು ಬಂತು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಆ ವರ್ಷ ಕೇಂದ್ರ ಸರ್ಕಾರ ನಿಯಮ ತಂದಾಗ, ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. ಹೊಸೂರು ರಸ್ತೆ ಸ್ತಬ್ಧವಾಯಿತು. ಎರಡನೆಯ ದಿನವೇ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಸಾವಿತ್ರಮ್ಮ ಆ ಗುಂಪಿನಲ್ಲಿದ್ದರು. ಮರು ತಿಂಗಳೇ ಕೆಲಸ ಬಿಟ್ಟು ಹಣ ತೆಗೆದುಕೊಂಡಿದ್ದರು. “ನಾವೇ ಹೋರಾಡಿ ನಾವೇ ಕಳೆದುಕೊಂಡೆವಾ ಮೇಡಂ?” ಎಂದು ಕೇಳಿದರು.

ಹಾಗಲ್ಲ ಎಂದೆ. ಅದನ್ನು ಸಮಾಧಾನಕ್ಕಾಗಿ ಹೇಳಲಿಲ್ಲ. ಐವತ್ತೆಂಟರವರೆಗೆ ಈ ದುಡಿಮೆ ತಡೆದುಕೊಳ್ಳುವ ದೇಹಗಳು ಎಷ್ಟಿವೆ? ಮನೆಯಲ್ಲಿ ಕಷ್ಟ ಬಂದಾಗ ಅವರ ಬಳಿ ಒಟ್ಟಿಗೆ ಸಿಗುವ ಹಣ ಅದೊಂದೇ. ಅದು ತಮ್ಮದು ಎಂದು ರಸ್ತೆಗೆ ಬಂದು ಹೇಳಿದ್ದು ಸರಿಯಾಗಿಯೇ ಇತ್ತು. ಹಣ ತೆಗೆಯುವ ಹಕ್ಕು ಉಳಿಯಿತು, ತೆಗೆದರೆ ಜೊತೆಗೆ ಏನು ಹೋಗುತ್ತದೆ ಎಂಬುದನ್ನು ಮಾತ್ರ ಯಾರೂ ಅವರಿಗೆ ತಿಳಿಸಲಿಲ್ಲ. ಕಾರ್ಖಾನೆಯ ಎಚ್‌ಆರ್ ವಿಭಾಗದವರು ರಾಜೀನಾಮೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವಾಗ ಐದು ನಿಮಿಷ ಕೂರಿಸಿ ಹೇಳಬಹುದಾದ ಮಾತು ಇದು. ಹೇಳದಿರುವುದು ನನಗೆ ಈಗಲೂ ಸಿಟ್ಟು ತರಿಸುತ್ತದೆ.

ಸಲಹೆ ಕೊಡುವ ಹೊತ್ತಿಗೆ ಅವರ ಕಷ್ಟಗಳನ್ನು ಒಂದೊಂದಾಗಿ ಬಿಡಿಸಿಟ್ಟೆವು. ಮಗಳ ಓದಿಗೆ ರಾಜೀನಾಮೆ ಬೇಕಿಲ್ಲ. ಪಿಎಫ್‌ನಲ್ಲಿ ಏಳು ವರ್ಷ ಸದಸ್ಯತ್ವವಿದ್ದರೆ ಮಕ್ಕಳ ಮದುವೆಗೋ ಹತ್ತನೆಯ ತರಗತಿಯ ನಂತರದ ಓದಿಗೋ ತಮ್ಮ ಪಾಲಿನ ಅರ್ಧದವರೆಗೆ ಮುಂಗಡ ಪಡೆಯಲು ಆಗಿನ ನಿಯಮದಲ್ಲೇ ಅವಕಾಶವಿತ್ತು. ಅವರಿಗೆ ಅದು ಸುಮಾರು 80,000 ಆಗುತ್ತಿತ್ತು. ಪಿಂಚಣಿ ಕಾಲಂ ಮುಟ್ಟುವ ಪ್ರಶ್ನೆಯೇ ಇಲ್ಲ. ಶಸ್ತ್ರಚಿಕಿತ್ಸೆಯನ್ನು ಎಲ್ಲಕ್ಕಿಂತ ಮೊದಲು ಇಡಿ ಎಂದೆ. ಇಎಸ್‌ಐ ಎಂದರೆ ಚಿಕಿತ್ಸೆಯಷ್ಟೇ ಅಲ್ಲ. ಆರು ತಿಂಗಳ ವಂತಿಗೆಯ ಅವಧಿಯಲ್ಲಿ 78 ದಿನ ವಂತಿಗೆ ಸಂದಿದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಸರಾಸರಿ ಕೂಲಿಯ ಶೇ. 70 ಕೈಗೆ ಬರುತ್ತದೆ. ಇಎಸ್‌ಐಗೆ ತಿಂಗಳು ತಿಂಗಳು ಶೇ. 0.75 ಕಟ್ಟುತ್ತಿದ್ದ ಅವರಿಗೆ ಇದು ಗೊತ್ತೇ ಇರಲಿಲ್ಲ. ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರಿಗೆ ವರ್ಷಕ್ಕೆ 120 ರೂಪಾಯಿಗೆ ತಮಗೂ ಗಂಡನಿಗೂ ಚಿಕಿತ್ಸೆ ಮುಂದುವರಿಯುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡರು.

ಸಾಲಕ್ಕೆ ನನ್ನ ಬಳಿ ಅಂಥ ಉತ್ತರವಿರಲಿಲ್ಲ. ಆಟೋದ ಕಂತನ್ನು ಸಣ್ಣದಾಗಿಸಿ ಅವಧಿ ಹೆಚ್ಚಿಸಲು ಕೇಳುವುದು, ಒಂದು ಸಂಘದ ಸಾಲ ತೀರಿಸಲು ಇನ್ನೊಂದು ಸಾಲ ಎತ್ತದಿರುವುದು, ಇಷ್ಟೇ ಹೇಳಿದೆ. ವಸೂಲಿಯವರ ಕಿರುಕುಳ ತಡೆಯುವ ಸುಗ್ರೀವಾಜ್ಞೆಯನ್ನು ರಾಜ್ಯ ಸರ್ಕಾರ ತಂದದ್ದು ಆಮೇಲೆ, 2025ರ ಫೆಬ್ರುವರಿಯಲ್ಲಿ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಮೊಬೈಲಿನ ವಿಷಯ. ಅವರ ಆಧಾರ್‌ಗೂ ಪಿಎಫ್ ಖಾತೆಯ ಗುರುತಿನ ಸಂಖ್ಯೆಯಾದ ಯುಎಎನ್‌ಗೂ ಜೋಡಿಸಿದ್ದ ಮೊಬೈಲ್ ನಂಬರ್ ಗಂಡನದು. ಅರ್ಜಿ ಹಾಕಿದರೆ ಒಟಿಪಿ ಬರುವುದು ಅಲ್ಲಿಗೆ. ಹಣ ಸಾವಿತ್ರಮ್ಮನದು, ಬೀಗದ ಕೈ ಮಾತ್ರ ಬೇರೆಯವರ ಜೇಬಿನಲ್ಲಿತ್ತು. ಸ್ವಂತ ನಂಬರ್ ಜೋಡಿಸಿಕೊಳ್ಳಿ, ಆದರೆ ಕದ್ದು ಮಾಡಬೇಡಿ, ಮನೆಯವರಿಗೆ ಹೇಳಿಯೇ ಮಾಡಿ ಎಂದೆ. ಗುಟ್ಟಾಗಿ ಮಾಡಿದ್ದು ತಿಳಿದ ದಿನ ಮನೆಯಲ್ಲಿ ಏನಾಗಬಹುದು ಎಂಬ ಭಯ ಅವರ ಮುಖದಲ್ಲೇ ಕಾಣುತ್ತಿತ್ತು. ಹೊಡೆತ ಬಡಿತ ಇದೆಯೇ ಎಂದು ಬೇರೆಯಾಗಿ, ಸ್ಪಷ್ಟವಾಗಿ ಕೇಳಿದೆ. ಇಲ್ಲ ಎಂದರು. ಇದ್ದಿದ್ದರೆ ಸಲಹೆ ಬೇರೆಯಾಗಿರುತ್ತಿತ್ತು.

ಗಂಡ ಒಮ್ಮೆ ಜೊತೆಗೆ ಬಂದರು. ಬರುವಾಗಲೇ ಮುಖ ಬಿಗಿದಿತ್ತು. “ನಾನೇನು ಕುಡಿದು ಹಾಳು ಮಾಡುತ್ತೇನೆಯೇ ಮೇಡಂ? ಸಾಲ ಮನೆಗಾಗಿಯೇ ಮಾಡಿದ್ದು” ಎಂದರು. ಆ ಮಾತು ನಿಜವೇ ಆಗಿತ್ತು, ಹಾಗೆಂದು ಒಪ್ಪಿಕೊಂಡೇ ಮಾತು ಆರಂಭಿಸಿದೆ. ಹೆಂಡತಿ ಬರೆದಿದ್ದ ಲೆಕ್ಕದ ಹಾಳೆಯನ್ನು ಅವರ ಮುಂದಿಟ್ಟೆ. ಪಿಂಚಣಿ ಪಡೆಯುವಾಗ ಹೆಂಡತಿ ತೀರಿಕೊಂಡರೆ ಅದರ ಅರ್ಧ ಗಂಡನಿಗೆ ಬರುತ್ತದೆ ಎಂಬುದು ಅವರಿಗೂ ಹೊಸ ಸಂಗತಿ. ಹಾಳೆಯನ್ನು ಎರಡು ಬಾರಿ ಓದಿ, “ಇದನ್ನು ನನಗೆ ಮೊದಲೇ ಹೇಳಬಹುದಿತ್ತಲ್ಲ” ಎಂದು ಹೆಂಡತಿಯ ಕಡೆ ತಿರುಗಿದರು. “ನನಗೇ ಈಗ ಗೊತ್ತಾಗಿದ್ದು” ಎಂದರು ಸಾವಿತ್ರಮ್ಮ. ಅವರು ಗಂಡನಿಗೆ ಅಷ್ಟು ಗಟ್ಟಿಯಾಗಿ ಉತ್ತರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ರಾಜೀನಾಮೆ ನಿಂತಿತು. ಮುಂಗಡದಿಂದ ಮಗಳ ಮೊದಲ ವರ್ಷದ ಶುಲ್ಕ ಕಟ್ಟಿದರು. ದೀಪಾವಳಿ ಕಳೆದ ಮೇಲೆ ಶಸ್ತ್ರಚಿಕಿತ್ಸೆಯಾಯಿತು. ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ. ಸಂಘದ ಸಾಲಗಳಲ್ಲಿ ಒಂದು ಇನ್ನೂ ನಡೆಯುತ್ತಿದೆ.

2025ರ ಅಕ್ಟೋಬರ್‌ನಲ್ಲಿ ಅವರು ಫೋನ್ ಮಾಡಿದರು. ಭವಿಷ್ಯನಿಧಿಯ ಕೇಂದ್ರೀಯ ಮಂಡಳಿ ಮುಂಗಡದ ಹದಿಮೂರು ಬಗೆಯ ನಿಯಮಗಳನ್ನು ಮೂರು ಗುಂಪುಗಳಿಗೆ ಇಳಿಸಲು, ಸೇವೆಯ ಷರತ್ತನ್ನು ಒಂದು ವರ್ಷಕ್ಕೆ ತರಲು, ಜೊತೆಗೆ ಕೆಲಸ ಬಿಟ್ಟವರು ಪಿಂಚಣಿಯ ಹಣ ತೆಗೆಯಲು ಎರಡರ ಬದಲು 36 ತಿಂಗಳು ಕಾಯಬೇಕೆಂದು ತೀರ್ಮಾನಿಸಿತ್ತು. ಲೈನಿನಲ್ಲಿ ಎಲ್ಲರೂ ಗಾಬರಿಯಾಗಿದ್ದಾರೆ, ಈಗಲೇ ಬಿಟ್ಟು ತೆಗೆದುಕೊಳ್ಳೋಣ ಎನ್ನುತ್ತಿದ್ದಾರೆ ಎಂದರು. ಕೆಲಸವಿಲ್ಲದೆ ಕುಳಿತವರಿಗೆ ಮೂರು ವರ್ಷದ ಕಾಯುವಿಕೆ ಕ್ರೂರವೇ. ಅದನ್ನು ಪ್ರಶ್ನಿಸುವ ಹಕ್ಕು ಅವರಿಗಿದೆ, ಪ್ರಶ್ನಿಸಬೇಕು ಕೂಡ. ಆದರೆ ಕೆಲಸದಲ್ಲಿರುವವರು ಗಾಬರಿಯಿಂದ ರಾಜೀನಾಮೆ ಕೊಡಬಾರದು, ಮುಂಗಡ ಸಾಕಾಗುತ್ತದೆಯೇ ಎಂದು ಮೊದಲು ನೋಡಿಕೊಳ್ಳಲಿ ಎಂದೆ. “ಮೂರನೇ ಕಾಲಂ ತೋರಿಸಿ ನಾನೇ ಹೇಳುತ್ತೇನೆ ಬಿಡಿ ಮೇಡಂ. ಊಟದ ಹೊತ್ತಿಗೆ ಏಳೆಂಟು ಜನ ಸೇರುತ್ತೇವೆ” ಎಂದರು. ಅಷ್ಟರಲ್ಲಿ ಬೆಲ್ ಆಯಿತೆಂದು ಫೋನ್ ಇಟ್ಟರು.