ಕೇಳಿ, ಹೇಳ್ತೀವಿ: ಮದ್ವೆ ಮೇ ತಿಂಗ್ಳು, ಮಗು ಫೆಬ್ರವರಿ!

ಪ್ರಶ್ನೆ: ಸರ್, ನಮ್ಮ ಕಾಕ್ಸ್ ಟೌನ್ ಮನೆ ಪಕ್ಕದಲ್ಲಿ ಒಬ್ರು ಆಂಗ್ಲೋ ಇಂಡಿಯನ್ ಆಂಟಿ ಇದ್ದಾರೆ, ಅವರ ಹಿರಿಯರು ಇಂಗ್ಲೆಂಡಿನ ನಾರ್ಫೋಕ್ ಕಡೆ ಒಂದು ಹಳ್ಳಿಯವರು. ಆ ಹಳ್ಳಿ ಚರ್ಚಿನ ಹಳೇ ರಿಜಿಸ್ಟರ್ ಸ್ಕ್ಯಾನ್ ಹುಡುಕಿಕೊಟ್ಟೆ. ಅದ್ರಲ್ಲಿ ಗಂಡ ಹೆಂಡ್ತಿ ಮದ್ವೆ 1740ರ ಮೇ, ಮೊದಲ ಮಗುವಿನ ಬ್ಯಾಪ್ಟಿಸಂ 1740ರ ಫೆಬ್ರವರಿ. ಆಂಟಿ ಮುಖ ಸಪ್ಪೆ ಮಾಡ್ಕೊಂಡು ಕೂತಿದ್ದಾರೆ, ಏನ್ ಹೇಳ್ಲಿ?

ಉತ್ತರ: ಮನೆ ಮರ್ಯಾದೆಗೆ ಏನೂ ಆಗಿಲ್ಲ ಅಂತ ಹೇಳಿ. ಅಲ್ಲಿ 1751ರ ತನಕ ಹೊಸ ವರ್ಷ ಶುರುವಾಗ್ತಿದ್ದಿದ್ದು ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ, ಹೆಚ್ಚುಕಮ್ಮಿ ನಮ್ಮ ಯುಗಾದಿ ಹೊತ್ತಿಗೆ. ಅಂದ್ಮೇಲೆ 1740ರ ಮೇ ಮೊದ್ಲು ಬಂತು, 1740ರ ಫೆಬ್ರವರಿ ಆಮೇಲೆ, ಈಗಿನ ಲೆಕ್ಕಕ್ಕೆ ಅದು 1741. ಬೆರಳು ಮಡಚಿ ಎಣಿಸಿ, ಒಂಬತ್ತು ತಿಂಗ್ಳು!

ಹಾಗಂತ ರಿಜಿಸ್ಟರ್ ಬರೆದಿದ್ದೆಲ್ಲ ವೇದವಾಕ್ಯ ಅಲ್ಲ. ಎಂಟನೇ ಹೆನ್ರಿ ಕಾಲದಲ್ಲಿ, 1538ರಲ್ಲಿ, ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆರ್ಡರ್ ಮಾಡಿ ಶುರು ಮಾಡಿಸಿದ್ದು ಇದು, ಆದ್ರೆ ಎಷ್ಟೋ ಹಳ್ಳಿಗಳಲ್ಲಿ ಮೊದಲ ಪುಟಗಳೇ ಇಲ್ಲ, 1640ರ ದಶಕದ ಅಂತರ್ಯುದ್ಧದಲ್ಲಿ ಬರೆಯೋರೇ ಇರ್ಲಿಲ್ಲ, 1733ಕ್ಕಿಂತ ಹಿಂದೆ ಕೆಲವು ಕಡೆ ಲ್ಯಾಟಿನ್ ಬೇರೆ, ವಿಲಿಯಂ ಹುಡುಕಿದ್ರೆ ಗುಲಿಯೆಲ್ಮಸ್ ಅಂತಿರುತ್ತೆ. ಪುಟ ಹರಿದಿದ್ರೆ ವರ್ಷಕ್ಕೊಮ್ಮೆ ಬಿಷಪ್‌ಗೆ ಕಳಿಸ್ತಿದ್ದ ಕಾಪಿ ಸಿಗುತ್ತಾ ನೋಡಿ. ನನಗೆ ಇಷ್ಟ ಆಗೋದು 1813ರಿಂದ ಬಂದ ಅಚ್ಚಿನ ಫಾರಂ: ಪುಟಕ್ಕೆ ಎಂಟು ಮಕ್ಕಳು, ಅಪ್ಪ ಅಮ್ಮನ ಹೆಸರು, ವಾಸ, ಅಪ್ಪನ ಕಸುಬು. ಹಳ್ಳಿ ಪುಟ ತೆಗೆದ್ರೆ ಕಸುಬಿನ ಕಾಲಂನಲ್ಲಿ ಮೇಲಿಂದ ಕೆಳಗೆ ಲೇಬರರ್, ಲೇಬರರ್, ಮಧ್ಯೆ ಎಲ್ಲೋ ಒಬ್ಬ ಕಮ್ಮಾರ. ಲಾರ್ಡ್ ವಂಶ ಸಿಗುತ್ತೆ ಅಂತ ಹೊರಟವರು ಬಹುತೇಕ ಇಲ್ಲಿಗೇ ಬಂದು ನಿಲ್ತಾರೆ.

ಪ್ರಶ್ನೆ: ನಮ್ಮ ತಾಯಿ ಕಡೆ ಮುತ್ತಜ್ಜ ಬ್ರಿಟಿಷ್ ಸೈನಿಕ, ಮದ್ವೆ ಆಗಿದ್ದು ಬೆಂಗಳೂರು ಕಂಟೋನ್ಮೆಂಟಲ್ಲಿ. ಇಂಗ್ಲೆಂಡಲ್ಲಿ ಯಾವ ಊರು ಅಂತ್ಲೇ ಗೊತ್ತಿಲ್ಲ, ಹೆಸರು ಗೂಗಲ್ ಮಾಡಿದ್ರೆ ಅದೇ ಹೆಸರಿನ ನೂರಾರು ಜನ.

ಉತ್ತರ: ಬರೀ ಹೆಸರು ಹಿಡ್ಕೊಂಡು ಇಂಗ್ಲೆಂಡಿಗೆ ಹಾರ್ಬೇಡಿ ಸರ್, ರಿಜಿಸ್ಟರ್ ಇರೋದು ಊರಿನ ಲೆಕ್ಕದಲ್ಲಿ, ಊರು ಸಿಗೋ ತನಕ ಇಲ್ಲೇ ಹುಡುಕಿ. ಇಲ್ಲಿನ ಚರ್ಚುಗಳ ಮದ್ವೆ, ಬ್ಯಾಪ್ಟಿಸಂ, ಸಮಾಧಿ ವಿವರಗಳ ಕಾಪಿ ಮದ್ರಾಸ್ ಮೂಲಕ ಲಂಡನ್‌ಗೆ ಹೋಗ್ತಿತ್ತು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ, ಮದ್ರಾಸ್ ಕಂತೆ ಕೇಳಿ. ಸೈನ್ಯದ ಪೆನ್ಷನ್ ತಗೊಂಡಿದ್ರೆ ಲಂಡನ್ನಿನ ಕ್ಯೂ ಅನ್ನೋ ಜಾಗದಲ್ಲಿರೋ ನ್ಯಾಷನಲ್ ಆರ್ಕೈವ್ಸ್‌ನ ಡಿಸ್ಚಾರ್ಜ್ ಕಾಗದದಲ್ಲಿ ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು) ಹೆಸರೇ ಸಾಮಾನ್ಯವಾಗಿ ಇರುತ್ತೆ. ಆಮೇಲೆ ಇಂಗ್ಲೆಂಡಿನ 1851ರ ಸೆನ್ಸಸ್ ನೋಡಿ, ಅದ್ರಲ್ಲಿ ಹುಟ್ಟಿದ ಊರಿದೆ. 1841ರದ್ರಲ್ಲಿ ಹುಟ್ಟಿದ್ದು ಅದೇ ಕೌಂಟಿನಾ (ಅಂದ್ರೆ ಜಿಲ್ಲೆ) ಅಲ್ವಾ ಅಂತ ಅಷ್ಟೇ, ದೊಡ್ಡವರ ವಯಸ್ಸನ್ನೂ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. ಆನ್‌ಲೈನಲ್ಲಿ ಯಾರೋ ಕಟ್ಟಿಟ್ಟ ರೆಡಿಮೇಡ್ ವಂಶವೃಕ್ಷ ಕಾಪಿ ಹೊಡಿಬೇಡಿ.

ಪ್ರಶ್ನೆ: ನಮ್ಮ ರೈತರ ಮನೆಗಳಿಗೆ ಇಂಥದ್ದೇನಾದ್ರೂ ಇದ್ಯಾ?

ಉತ್ತರ: ಹೆಳವರು ಇದ್ದಾರಲ್ಲ! ಊರಿಗೆ ಹೋದಾಗ ನಿಮ್ಮ ಮನೆತನದ ಹೆಳವರು ಯಾರು ಅಂತ ಅಜ್ಜಿನ ಕೇಳಿ, ಅವರು ಬಂದು ವಂಶ ಹೇಳುವಾಗ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ದವಸನೋ ದುಡ್ಡೋ ಕೊಡೋಕೆ ಮಾತ್ರ ಚೌಕಾಸಿ ಮಾಡ್ಬೇಡಿ.